ಕಾಲುದಾರಿಗೂ ನಕ್ಷೆಯಲ್ಲೊಂದು ಗೆರೆ ಬೇಕು

ರಸ್ತೆ ಅಗಲವಾಗುವಾಗ ಮೊದಲು ಕಳೆದುಹೋಗುವುದು ನಡೆಯುವವರ ಜಾಗ. ಬಿ.ಸಿ.ರೋಡ್, ಕಲ್ಲಡ್ಕ, ಮಾಣಿ ದಾಟಿ ಬೆಂಗಳೂರಿನತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 75, ಬೆಳ್ತಂಗಡಿ, ಉಜಿರೆ ಮೂಲಕ ಚಾರ್ಮಾಡಿ ಘಾಟಿ ಏರುವ ಹೆದ್ದಾರಿ 73, ಮಂಗಳೂರಿನಿಂದ ಮೂಡುಬಿದಿರೆ ಮೇಲೆ ಕಾರ್ಕಳದ ಕಡೆ ಸಾಗುವ ಹೆದ್ದಾರಿ 169, ಈ ಮೂರರಲ್ಲೂ ಕೆಲವು ವರ್ಷಗಳಿಂದ ಅಗಲೀಕರಣದ ಕೆಲಸ ನಡೆದಿದೆ. ಸರಕು ಲಾರಿಗಳಿಗೆ, ಕಾರುಗಳಿಗೆ, ಬಸ್ಸುಗಳಿಗೆ ಅದರಿಂದ ಅನುಕೂಲವಾಗಿದೆ. ಆದರೆ ಅದೇ ಹೆದ್ದಾರಿಯ ಬದಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಡೈರಿಗೆ ಹಾಲು ಹಾಕಲು ಬೆಳಿಗ್ಗೆ ಆರಕ್ಕೇ ಹೊರಡುವವರಿದ್ದಾರೆ. ಬಸ್ಸಿಳಿದು ಎದುರು ಬದಿಯ ಗೇರುಬೀಜದ ಕಾರ್ಖಾನೆಗೆ ರಸ್ತೆ ದಾಟುವ ಹೆಂಗಸರಿದ್ದಾರೆ. ಇವರು ಎಲ್ಲಿ ನಡೆಯುತ್ತಾರೆ, ಎಲ್ಲಿ ದಾಟುತ್ತಾರೆ, ಯಾವ ತೋಟದ ಓಣಿಯಿಂದ ಬಂದು ಹೆದ್ದಾರಿ ಸೇರುತ್ತಾರೆ ಎಂಬ ಲೆಕ್ಕ ಯಾವ ಕಡತದಲ್ಲೂ ಸುಲಭವಾಗಿ ಸಿಗುವುದಿಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ಪಾದಚಾರಿಗಳು. ಅಂದರೆ ಐವರಲ್ಲಿ ಸುಮಾರು ಒಬ್ಬರು ಯಾವ ವಾಹನದಲ್ಲೂ ಇರಲಿಲ್ಲ, ಸುಮ್ಮನೆ ನಡೆಯುತ್ತಿದ್ದರು.

ನಮ್ಮ ಊರಿನ ನಡಿಗೆಯ ದಾರಿಗಳನ್ನು ನಾವೇ ನಕ್ಷೆಗೆ ಏರಿಸಿ, ಆ ನಕ್ಷೆಯನ್ನು ಕೈಯಲ್ಲಿ ಹಿಡಿದು ಪುರಸಭೆ, ಪಂಚಾಯತ್, ಹೆದ್ದಾರಿ ಇಲಾಖೆಗಳ ಬಾಗಿಲು ತಟ್ಟುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಇದಕ್ಕೆ ದುಡ್ಡು ಬೇಡ. ಒಂದು ಸಾಧಾರಣ ಸ್ಮಾರ್ಟ್‌ಫೋನ್, ಒಂದು ಅಳತೆ ಪಟ್ಟಿ, ಊರನ್ನು ಬಲ್ಲ ನಾಲ್ಕು ಜನ ಇದ್ದರೆ ಸಾಕು.

ಎಲ್ಲರ ನಕ್ಷೆ

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರುಮಾಡಿದರು. ಅಲ್ಲಿನ ಸರಕಾರಿ ನಕ್ಷೆಗಳ ಮಾಹಿತಿ ದುಬಾರಿಯಾಗಿತ್ತು, ಹಂಚಿಕೊಳ್ಳುವುದಕ್ಕೂ ನಿರ್ಬಂಧವಿತ್ತು. ಜನರೇ ಜಿಪಿಎಸ್ ಹಿಡಿದು ನಡೆದು ನಕ್ಷೆ ಮಾಡೋಣ ಎಂದು ಹೊರಟ ಆ ಕೆಲಸದಲ್ಲಿ ಇವತ್ತು ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಮಂದಿ ಖಾತೆ ತೆರೆದಿದ್ದಾರೆ. ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಲೇಖನ ತಿದ್ದುವಂತೆ ಇಲ್ಲಿ ಯಾರು ಬೇಕಾದರೂ ರಸ್ತೆ, ಸೇತುವೆ, ಶಾಲೆ, ನಲ್ಲಿ ಸೇರಿಸಬಹುದು. ಗೂಗಲ್ ನಕ್ಷೆಯನ್ನು ನೀವು ನೋಡಬಹುದು, ಅದರ ಹಿಂದಿನ ಮಾಹಿತಿಯನ್ನು ಇಳಿಸಿಕೊಂಡು ನಿಮ್ಮ ಊರಿನ ಯೋಜನೆಗೆ ಬಳಸುವ ಹಾಗಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಇಡೀ ಮಾಹಿತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮೂಲವನ್ನು ಹೆಸರಿಸಬೇಕು, ಮಾಹಿತಿಯನ್ನು ತಿದ್ದಿ ಬೆಳೆಸಿ ಹಂಚಿದರೆ ಅದೇ ಷರತ್ತಿನಲ್ಲಿ ಹಂಚಬೇಕು, ಅಷ್ಟೆ.

ಇದರ ಬೆಲೆ ಗೊತ್ತಾಗಲು ದೂರ ಹೋಗಬೇಕಿಲ್ಲ. 2018ರ ನೆರೆಯಲ್ಲಿ ಕೇರಳದ ಸ್ವಯಂಸೇವಕರು ಇದೇ ನಕ್ಷೆಯಲ್ಲಿ ರಸ್ತೆ, ಕಟ್ಟಡಗಳನ್ನು ತುಂಬಿಸಿ ಪರಿಹಾರ ಕಾರ್ಯಕ್ಕೆ ನೆರವಾದರು. ಆ ಬಳಿಕ ಕೇರಳ ಸರಕಾರವೇ ಮ್ಯಾಪಥಾನ್ ಕೇರಳಂ ಎಂಬ ಹೆಸರಿನಲ್ಲಿ ಜನರನ್ನು ಸೇರಿಸಿಕೊಂಡು ನಕ್ಷೆ ಮಾಡಿಸಿತು. ಸೈಕಲ್ ವಿಷಯಕ್ಕೆ ಬಂದರೆ ಲಂಡನ್ ಸಾರಿಗೆ ಸಂಸ್ಥೆ 2019ರಲ್ಲಿ ತನ್ನ ನಗರದ ಸೈಕಲ್ ಪಥ, ಸೈಕಲ್ ನಿಲ್ಲಿಸುವ ಕಂಬ, ಫಲಕ ಇತ್ಯಾದಿ ಸುಮಾರು 2,40,000 ವಸ್ತುಗಳ ಮಾಹಿತಿಯನ್ನು ಸಾರ್ವಜನಿಕರಿಗೆ ಮುಕ್ತವಾಗಿಟ್ಟಿತು, ಅದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಒದಗಿತು. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಅಂಥ ಸರಕಾರಿ ದಾಖಲೆ ಇಲ್ಲದಿರುವುದರಿಂದ ಕೆಲಸ ಉಲ್ಟಾ ದಿಕ್ಕಿನಲ್ಲಿ ಆಗಬೇಕು. ಜನ ಮೊದಲು ಬರೆದಿಟ್ಟು ಇಲಾಖೆಗೆ ಕೊಡಬೇಕು.

ಕಾನೂನಿನ ಹೆದರಿಕೆ ಕೆಲವರಿಗಿರುತ್ತದೆ. 2021ರ ಫೆಬ್ರವರಿ 15ರಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿಯ ಬಳಿಕ ಭಾರತೀಯರು ನಕ್ಷೆ ಮಾಹಿತಿ ಸಂಗ್ರಹಿಸಲು ಪೂರ್ವಾನುಮತಿ ಬೇಡ. ಸೇನೆ, ಭದ್ರತೆಗೆ ಸಂಬಂಧಿಸಿದ ಸೂಕ್ಷ್ಮ ವಿಷಯಗಳನ್ನು ಮುಟ್ಟದಿದ್ದರೆ ಆಯಿತು. ಶಾಲೆಗೆ ಹೋಗುವ ದಾರಿ ಗುರುತಿಸಲು ಯಾರ ಅಪ್ಪಣೆಯನ್ನೂ ಕಾಯಬೇಕಿಲ್ಲ.

ಉಪಗ್ರಹಕ್ಕೆ ಕಾಣದ ಊರು

ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು ಬಂಟ್ವಾಳವನ್ನೋ ಬೆಳ್ತಂಗಡಿಯನ್ನೋ ಹುಡುಕಿ ನೋಡಿ. ಹೆದ್ದಾರಿ ಇದೆ, ನೇತ್ರಾವತಿ ಇದೆ, ರೈಲು ಹಳಿ ಇದೆ. ಹಳ್ಳಿಗಳ ಕಡೆ ಸರಿದಂತೆ ಹಸಿರು, ಖಾಲಿ. ಕಾರಣ ಸರಳ. ಬಯಲುಸೀಮೆಯಲ್ಲಾದರೆ ಉಪಗ್ರಹದ ಚಿತ್ರ ನೋಡಿ ಬೆಂಗಳೂರಿನಲ್ಲೋ ಬರ್ಲಿನ್ನಿನಲ್ಲೋ ಕೂತವರೂ ಹೊಲದ ನಡುವಿನ ಬಂಡಿದಾರಿಯ ಗೆರೆ ಎಳೆಯಬಹುದು. ನಮ್ಮಲ್ಲಿ ಅಡಕೆ, ತೆಂಗು, ರಬ್ಬರಿನ ತಲೆಗಳ ಕೆಳಗೆ ದಾರಿ ಮುಚ್ಚಿಹೋಗಿದೆ. ಊರೇ ಒಂದು ಕಡೆ ಗುಂಪಾಗಿ ಕೂತಿಲ್ಲ. ಗುಡ್ಡೆಯ ಮಗ್ಗುಲಿಗೊಂದು ಮನೆ, ಗದ್ದೆಯ ಬದಿಗೊಂದು ಮನೆ. ಈ ಮನೆಗಳನ್ನು ಬೆಸೆಯುವುದು ಡಾಮರು ರಸ್ತೆಯಲ್ಲ. ಗದ್ದೆಯ ಹುಣಿ, ಮುರಕಲ್ಲು ಕಡಿದು ಮಾಡಿದ ಓಣಿ, ತೋಡಿನ ಮೇಲಿನ ಕಾಲುಸಂಕ. ಇವನ್ನು ನಡೆದವರೇ ಬರೆಯಬೇಕು, ಬೇರೆ ದಾರಿಯಿಲ್ಲ.

ಕಾಲುಸಂಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡೋ ಮೂರೋ ಅಡಕೆ ಮರದ ಕಾಂಡಗಳನ್ನು ತೋಡಿನ ಎರಡು ದಡಕ್ಕೆ ತಾಗಿಸಿ, ಹಗ್ಗದಲ್ಲೋ ತಂತಿಯಲ್ಲೋ ಬಿಗಿದು, ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿದರೆ ಅದೇ ಸಂಕ. ಬೇಸಿಗೆಯಲ್ಲಿ ಅದರ ಅಗತ್ಯವೇ ಇರುವುದಿಲ್ಲ, ತೋಡಿಗೆ ಇಳಿದು ಹತ್ತಬಹುದು. ಜೂನ್ ಬಂದರೆ ಅದೊಂದೇ ದಾರಿ. ಮಳೆಗೆ ಕಾಂಡ ಪಾಚಿಗಟ್ಟುತ್ತದೆ. ಮಕ್ಕಳು ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಗಳ ಹಿಡಿದು ದಾಟುತ್ತಾರೆ. 2022ರ ಆಗಸ್ಟ್‌ನಲ್ಲಿ ಪಕ್ಕದ ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ತರಗತಿಯ ಹುಡುಗಿ ಇಂಥದೇ ಕಾಲುಸಂಕದಿಂದ ನೀರಿಗೆ ಬಿದ್ದು ತೀರಿಕೊಂಡಳು. ಆಗ ಎಲ್ಲರಿಗೂ ಎದುರಾದ ಪ್ರಶ್ನೆ, ಇಂಥ ಸಂಕಗಳು ಒಟ್ಟು ಎಷ್ಟಿವೆ, ಎಲ್ಲೆಲ್ಲಿವೆ ಎಂಬುದು. ಉತ್ತರ ಮೊದಲೇ ನಕ್ಷೆಯಲ್ಲಿ ಇದ್ದಿದ್ದರೆ ಯಾವುದನ್ನು ಮೊದಲು ಕಟ್ಟಬೇಕೆಂದು ಅವಘಡಕ್ಕೆ ಮುಂಚೆಯೇ ಮಾತಾಡಬಹುದಿತ್ತು.

ಕಿಂಡಿ ಅಣೆಕಟ್ಟುಗಳನ್ನೂ ಮರೆಯಬೇಡಿ. ಸರಕಾರದ ಲೆಕ್ಕದಲ್ಲಿ ಅವು ನೀರಾವರಿಯ ಕಾಮಗಾರಿ. ಊರಿನವರಿಗೆ ಅದರ ಮೇಲಿನ ಕಾಂಕ್ರೀಟು ಪಟ್ಟಿ ಹೊಳೆ ದಾಟುವ ಸೇತುವೆ. ಹಲಗೆ ಹಾಕಿದರೂ ತೆಗೆದರೂ ಜನ ಅದರ ಮೇಲೆ ನಡೆಯುತ್ತಾರೆ, ಸೈಕಲ್ ತಳ್ಳಿಕೊಂಡು ಹೋಗುತ್ತಾರೆ. ಎಷ್ಟೋ ಕಡೆ ಬದಿಗೆ ಕೈತಾಂಗು ಇರುವುದಿಲ್ಲ. ಇಂಥ ಅಣೆಕಟ್ಟನ್ನು ನಡೆಯುವ ದಾರಿಯಾಗಿಯೂ ನಕ್ಷೆಗೆ ಹಾಕಿದರೆ, ಇಷ್ಟು ವರ್ಷ ನೀರಾವರಿ ಕಡತದಲ್ಲಿ ಮಾತ್ರ ಇದ್ದ ಕಟ್ಟಡವೊಂದು ಮೊದಲ ಬಾರಿಗೆ ಸಂಪರ್ಕದ ಕಡತಕ್ಕೂ ಬರುತ್ತದೆ.

ಫೋನು ಹಿಡಿದು ಹೊರಡುವ ಮೊದಲು

ಓಪನ್‌ಸ್ಟ್ರೀಟ್‌ಮ್ಯಾಪ್ ಜಾಲತಾಣದಲ್ಲಿ ಇಮೇಲ್ ಕೊಟ್ಟು ಉಚಿತ ಖಾತೆ ತೆರೆಯಿರಿ. ಆಂಡ್ರಾಯ್ಡ್ ಫೋನಾದರೆ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಹಾಕಿಕೊಳ್ಳಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ನೀವು ನಿಂತ ಜಾಗದ ಸುತ್ತ ನಕ್ಷೆಯಲ್ಲಿ ಯಾವ ಮಾಹಿತಿ ಇಲ್ಲವೋ ಅದನ್ನು ಅದೇ ಕೇಳುತ್ತದೆ: ಈ ರಸ್ತೆಗೆ ಫುಟ್‌ಪಾತ್ ಇದೆಯೇ, ಒಂದು ಬದಿಗೋ ಎರಡೂ ಬದಿಗೋ? ಮೇಲ್ಮೈ ಡಾಮರೋ ಕಾಂಕ್ರೀಟೋ ಮಣ್ಣೋ? ರಾತ್ರಿ ದೀಪ ಇರುತ್ತದೆಯೇ? ಈ ಬಸ್ ನಿಲ್ದಾಣಕ್ಕೆ ಮಾಡು ಇದೆಯೇ, ಕೂರಲು ಬೆಂಚು ಇದೆಯೇ? ಉತ್ತರ ಒತ್ತಿದರೆ ಸಾಕು, ನಕ್ಷೆಗೆ ಸೇರುತ್ತದೆ. ನೆಟ್‌ವರ್ಕ್ ಇಲ್ಲದ ಕಡೆಗೆ ಹೋಗುವುದಾದರೆ ಮನೆಯಲ್ಲೇ ಆ ಪ್ರದೇಶವನ್ನು ಇಳಿಸಿಕೊಂಡು ಹೋಗಿ. ಅಂಗಡಿ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ ಸೇರಿಸಲು ಎವ್ರಿ ಡೋರ್ ಎಂಬ ಆ್ಯಪ್ ಇದೆ, ಅದು ಐಫೋನಿನಲ್ಲೂ ನಡೆಯುತ್ತದೆ.

ಇಲ್ಲದ ದಾರಿಯನ್ನು ಹೊಸದಾಗಿ ಎಳೆಯಲು ನಡೆದ ಜಾಡು ಬೇಕು. ಓಎಸ್ಎಂಆ್ಯಂಡ್‌ನಂಥ ಆ್ಯಪ್‌ನಲ್ಲಿ ಜಾಡು ದಾಖಲಿಸುವ ಗುಂಡಿ ಒತ್ತಿ ನಡೆಯಿರಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಡ. ಬಯಲಿನಲ್ಲಿ ಫೋನಿನ ಜಿಪಿಎಸ್ ಕೆಲವೇ ಮೀಟರುಗಳ ವ್ಯತ್ಯಾಸದಲ್ಲಿ ಇರುತ್ತದೆ, ದಟ್ಟ ತೋಟದೊಳಗೆ ಅತ್ತಿತ್ತ ಹಾರುತ್ತದೆ. ಹಾಗಾಗಿ ಹೋಗುವಾಗಲೂ ಬರುವಾಗಲೂ ಎರಡು ಜಾಡು ದಾಖಲಿಸಿ, ಎರಡರ ನಡುವಿನ ಗೆರೆಯನ್ನು ಹಿಡಿಯಿರಿ. ತಿರುವಿನಲ್ಲಿ, ಸಂಕದ ಎರಡೂ ತುದಿಯಲ್ಲಿ ಅರ್ಧ ನಿಮಿಷ ನಿಲ್ಲಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ನ ತಿದ್ದುವ ಪುಟ ತೆರೆದು ಜಾಡಿನ ಕಡತವನ್ನು ಎಳೆದು ಹಾಕಿದರೆ ಬಣ್ಣದ ಗೆರೆ ಕಾಣುತ್ತದೆ. ಅದರ ಮೇಲೆ ದಾರಿ ಎಳೆಯಿರಿ.

ದಾರಿ ಎಳೆದ ಮಾತ್ರಕ್ಕೆ ಯೋಜನೆಗೆ ಉಪಯೋಗವಿಲ್ಲ, ಅದರ ಗುಣ ಬರೆಯಬೇಕು. ತಿದ್ದುವ ಪುಟದಲ್ಲಿ ಇಂಗ್ಲಿಷ್ ಪದಗಳೇ ಇರುತ್ತವೆ, ಆದರೆ ಬೇಕಾದವು ಕೆಲವೇ. ನಡೆಯುವ ದಾರಿಗೆ ಪಾತ್ ಅಥವಾ ಫುಟ್‌ವೇ, ಮೇಲ್ಮೈಗೆ ಸರ್ಫೇಸ್, ಅಗಲಕ್ಕೆ ವಿಡ್ತ್, ದೀಪಕ್ಕೆ ಲಿಟ್, ಮೆಟ್ಟಿಲಿಗೆ ಸ್ಟೆಪ್ಸ್. ಕಾಲುಸಂಕವಾದರೆ ದಾರಿಯ ಆ ತುಂಡನ್ನು ಪ್ರತ್ಯೇಕಿಸಿ ಬ್ರಿಡ್ಜ್ ಎಂದು ಗುರುತಿಸಿ, ಅಗಲ ಬರೆಯಿರಿ, ಮೇಲ್ಮೈ ಮರ ಎಂದು ನಮೂದಿಸಿ, ಕೈತಾಂಗಿದೆಯೋ ಇಲ್ಲವೋ ಎನ್ನಲು ಹ್ಯಾಂಡ್‌ರೇಲ್ ಬಳಸಿ. ಮಳೆಗಾಲದಲ್ಲಿ ಮುಳುಗುವ ದಾರಿಗೆ ಫ್ಲಡ್ ಪ್ರೋನ್ ಎಂಬ ಗುರುತು ಇದೆ. 2019ರ ಆಗಸ್ಟ್‌ನ ನೆರೆಯಲ್ಲಿ ಚಾರ್ಮಾಡಿ ಸುತ್ತಲ ಊರುಗಳು ಪಟ್ಟ ಪಾಡು ನೆನಪಿರುವ ಬೆಳ್ತಂಗಡಿಯವರಿಗೆ ಆ ಒಂದು ಗುರುತು ಎಷ್ಟು ಮುಖ್ಯವೆಂದು ಹೇಳಬೇಕಾಗಿಲ್ಲ. ಹೆಸರು ಬರೆಯುವಾಗ ಕನ್ನಡದಲ್ಲೂ ತುಳುವಿನಲ್ಲೂ ಬರೆಯಿರಿ, ಎರಡಕ್ಕೂ ಬೇರೆ ಬೇರೆ ಜಾಗವಿದೆ. ಬೆದ್ರ ಎಂದು ಹುಡುಕಿದವರಿಗೂ ಮೂಡುಬಿದಿರೆ ಸಿಗಲಿ.

ದಾರಿ ಕೇಳುವುದು ಯಾರನ್ನು? ಅಂಚೆಯವರನ್ನು, ಆಶಾ ಕಾರ್ಯಕರ್ತೆಯರನ್ನು, ಮೆಸ್ಕಾಂ ಲೈನ್‌ಮ್ಯಾನ್‌ಗಳನ್ನು. ಯಾವ ಸಂಕ ಯಾವ ತಿಂಗಳಲ್ಲಿ ದಾಟಲಾಗದು, ಯಾವ ಓಣಿಯಲ್ಲಿ ಮಳೆಗೆ ಮಣ್ಣು ಜರಿಯುತ್ತದೆ ಎಂಬುದು ಅವರ ನಾಲಿಗೆಯ ತುದಿಯಲ್ಲಿದೆ. ಉಜಿರೆ, ಮೂಡುಬಿದಿರೆ, ಬಂಟ್ವಾಳಗಳಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ವಾರದ ಶಿಬಿರ ಹಳ್ಳಿಯಲ್ಲಿ ನಡೆಯುವಾಗ ಒಂದೆರಡು ದಿನವನ್ನು ಈ ಕೆಲಸಕ್ಕೆ ಕೊಟ್ಟರೆ ಒಂದು ಗ್ರಾಮದ ಮುಖ್ಯ ಕಾಲುದಾರಿಗಳೆಲ್ಲ ನಕ್ಷೆಗೆ ಬರುತ್ತವೆ. ಶ್ರಮದಾನದಲ್ಲಿ ಬೆಳೆದ ಪರಂಪರೆಗೆ ಇದು ಹೊಸ ರೂಪ ಎಂದೇ ನಾನು ಭಾವಿಸುತ್ತೇನೆ.

ಒಂದು ಎಚ್ಚರಿಕೆ. ನಮ್ಮ ಕಡೆ ದಾರಿ ಯಾರದೋ ಅಂಗಳದ ಬದಿಯಿಂದ, ಯಾರದೋ ತೋಟದ ನಡುವಿನಿಂದ ಹೋಗುತ್ತದೆ. ತಲೆಮಾರುಗಳಿಂದ ಬಿಟ್ಟುಕೊಟ್ಟ ದಾರಿ ಅದು, ಆದರೂ ಜಾಗ ಅವರದು. ಕೇಳದೆ ನಕ್ಷೆಗೆ ಹಾಕಿದರೆ ನಾಳೆ ಗೇಟು ಬೀಳುತ್ತದೆ, ನಷ್ಟ ನಡೆಯುವವರಿಗೇ. ಒಪ್ಪಿಗೆ ಕೊಟ್ಟರೆ ಪರ್ಮಿಸಿವ್ ಎಂದು, ಬೇಡವೆಂದರೆ ಖಾಸಗಿ ಎಂದು ಗುರುತಿಸಿ. ಮನೆಯವರ ಹೆಸರು, ಫೋನ್ ಸಂಖ್ಯೆ ಹಾಕಬೇಡಿ. ಸರಕಾರಿ ಜಾಗವೋ ಅಲ್ಲವೋ ಎಂಬ ಸಂಶಯ ಬಂದರೆ ರಾಜ್ಯ ಸರಕಾರದ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗ್ರಾಮ ನಕಾಶೆಯಲ್ಲಿ ಕಾಲುದಾರಿ, ಬಂಡಿದಾರಿ ಗುರುತಿಸಿರುವುದೂ ಉಂಟು. ಅವನ್ನು ನೋಡಿ ತಿಳಿದುಕೊಳ್ಳಿ, ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನಕಲು ಮಾಡಬೇಡಿ. ಗೂಗಲ್ ನಕ್ಷೆಯಿಂದಂತೂ ಒಂದು ಹೆಸರನ್ನೂ ತೆಗೆದು ಹಾಕುವಂತಿಲ್ಲ. ಕಣ್ಣಾರೆ ಕಂಡದ್ದು, ತಿದ್ದುವ ಪುಟವೇ ಕೊಡುವ ಉಪಗ್ರಹ ಚಿತ್ರದಲ್ಲಿ ಕಂಡದ್ದು, ಇವೆರಡೇ ಆಧಾರ.

ಪೇಟೆಯಲ್ಲಿ ಪಟ್ಟಿ ಹಿಡಿದು

ಪೇಟೆಯ ಕೆಲಸ ಬೇರೆ ತರಹದ್ದು. ಬಿ.ಸಿ.ರೋಡನ್ನೇ ತೆಗೆದುಕೊಳ್ಳಿ. ಎರಡು ಹೆದ್ದಾರಿಗಳು ಕೂಡುವ ಜಾಗ. ರೈಲು ನಿಲ್ದಾಣ, ಬಸ್ ನಿಲ್ದಾಣ, ತಾಲ್ಲೂಕು ಕಚೇರಿ ಇರುವ ಮಿನಿ ವಿಧಾನಸೌಧ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಈ ಮೂರನ್ನು ಬೆಸೆಯುವ ದಾರಿಯನ್ನು ಒಮ್ಮೆ ಅಳತೆ ಪಟ್ಟಿ ಹಿಡಿದು ನಡೆಯಿರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ, ಐಆರ್‌ಸಿ 103, ಹೇಳುವುದು ಇಷ್ಟು: ಫುಟ್‌ಪಾತಿನಲ್ಲಿ ಕಂಬ, ಫಲಕ, ಅಂಗಡಿಯ ಮುಂಚಾಚು ಬಿಟ್ಟು ಕನಿಷ್ಠ 1.8 ಮೀಟರ್ ಅಗಲ ನಡೆಯಲು ಖಾಲಿ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ದಾಟಬಾರದು. ಚರಂಡಿಯ ಮೇಲೆ ಹಾಕಿದ ಸ್ಲ್ಯಾಬನ್ನೇ ನಾವು ಫುಟ್‌ಪಾತ್ ಎನ್ನುತ್ತೇವೆ. ಅದರ ಅಗಲ ಎಷ್ಟು, ಎಲ್ಲಿ ಸ್ಲ್ಯಾಬ್ ಕಾಣೆಯಾಗಿದೆ, ಯಾವ ಟ್ರಾನ್ಸ್‌ಫಾರ್ಮರ್ ಅಡ್ಡ ನಿಂತಿದೆ, ಗಾಲಿಕುರ್ಚಿ ಎಲ್ಲಿ ಇಳಿಯಲಾಗದು, ಇಷ್ಟನ್ನು ಬರೆದುಕೊಳ್ಳಿ. ದಾಟುವ ಜಾಗಗಳನ್ನು ಕ್ರಾಸಿಂಗ್ ಎಂದು ಗುರುತಿಸಿ: ಬಿಳಿ ಪಟ್ಟೆ ಇದೆಯೋ, ಮಾಸಿದೆಯೋ, ಪಟ್ಟೆ ಇಲ್ಲದೆಯೇ ಜನ ದಾಟುತ್ತಾರೋ. ಪಟ್ಟೆಯಿಲ್ಲದೆ ದಾಟುವ ಜಾಗವೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಪಟ್ಟೆ ಬೇಕಾದದ್ದು ಅಲ್ಲೇ.

ನೇತ್ರಾವತಿಗೆ ಪಾಣೆಮಂಗಳೂರಿನಲ್ಲಿ ಬ್ರಿಟಿಷರ ಕಾಲದ ಹಳೆಯ ಸೇತುವೆ ಇದೆ. ಹೆದ್ದಾರಿಯ ವಾಹನಗಳಿಗೆ ಬೇರೆ ಸೇತುವೆ ಇದೆ. ಆ ಹಳೆಯ ಸೇತುವೆಯನ್ನು ನಡೆಯುವವರಿಗೆ, ಸೈಕಲಿನವರಿಗೆ ಆದ್ಯತೆಯ ದಾರಿಯಾಗಿ ಕಾಪಾಡಿಕೊಂಡರೆ ಬಂಟ್ವಾಳ ಪುರಸಭೆಗೆ ಅದಕ್ಕಿಂತ ಒಳ್ಳೆಯ ಸೈಕಲ್ ಪಥ ಯಾವ ಅನುದಾನದಿಂದಲೂ ಸಿಗದು ಎಂಬುದು ನನ್ನ ಅಭಿಪ್ರಾಯ.

ಮೂಡುಬಿದಿರೆಯ ಪೇಟೆ ನಡಿಗೆಗೆಂದೇ ಬೆಳೆದದ್ದು. 1430ರಲ್ಲಿ ಕಟ್ಟಿಸಿದ ಸಾವಿರ ಕಂಬದ ಬಸದಿ, ಗುರು ಬಸದಿ ಸೇರಿದಂತೆ ಹದಿನೆಂಟು ಬಸದಿಗಳು, ಜೈನಪೇಟೆಯ ಮನೆಗಳು, ಕೆರೆಗಳು, ಎಲ್ಲ ಕಾಲಳತೆಯಲ್ಲಿವೆ. ಇಲ್ಲಿ ಕಾಣದಿರುವುದು ಬಸದಿಯಿಂದ ಬಸದಿಗೆ ಹೋಗುವ ಒಳದಾರಿಗಳು. ಅವನ್ನು ನಕ್ಷೆಗೆ ಹಾಕಿ, ನೆರಳಿರುವ ಕಡೆ, ಕುಡಿಯುವ ನೀರು, ಶೌಚಾಲಯ ಗುರುತಿಸಿದರೆ ಹೊರಗಿಂದ ಬರುವವರು ಬಸದಿಯ ಬಾಗಿಲಿಗೇ ಕಾರು ತರುವುದು ತಪ್ಪೀತು. ಇಲ್ಲಿ ಓದುವ ಸಾವಿರಾರು ವಿದ್ಯಾರ್ಥಿಗಳು ಪೇಟೆ ಮತ್ತು ಕಾಲೇಜಿನ ನಡುವೆ ದಿನವೂ ನಡೆಯುತ್ತಾರೆ, ಆ ದಾರಿಯ ದೀಪಗಳ ಲೆಕ್ಕ ಒಂದು ಸಂಜೆಯ ಕೆಲಸ.

ಬೆಳ್ತಂಗಡಿಗೆ ಇನ್ನೊಂದು ವಿಶೇಷ ಹೊಣೆ ಇದೆ. ಮಹಾಶಿವರಾತ್ರಿಗೆ ಬೆಂಗಳೂರು, ಹಾಸನ, ಚಿಕ್ಕಮಗಳೂರು ಕಡೆಯಿಂದ ಸಾವಿರಾರು ಪಾದಯಾತ್ರಿಗಳು ಧರ್ಮಸ್ಥಳಕ್ಕೆ ನಡೆದು ಬರುತ್ತಾರೆ. ಚಾರ್ಮಾಡಿ ಘಾಟಿ ಇಳಿದು ಕಕ್ಕಿಂಜೆ, ಮುಂಡಾಜೆ, ಉಜಿರೆ ಮೂಲಕ ಹೋಗುವ ಅವರು ಬಿಸಿಲಿಗೆ ಹೆದರಿ ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ ನಡೆಯುತ್ತಾರೆ. ವಾಹನಗಳೂ ಅದೇ ರಸ್ತೆಯಲ್ಲಿ. ಡಾಮರಿನಾಚೆಗಿನ ಬದಿ ಎಲ್ಲಿ ಅಗಲ, ಎಲ್ಲಿ ಏಕಾಏಕಿ ಮುಗಿಯುತ್ತದೆ, ಕಿರಿದಾದ ಸೇತುವೆ ಯಾವುದು, ನೀರಿನ ನಲ್ಲಿ ಎಲ್ಲಿದೆ ಎಂಬುದನ್ನು ಘಾಟಿಯ ಬುಡದಿಂದ ಧರ್ಮಸ್ಥಳದವರೆಗೆ ಒಮ್ಮೆ ಗುರುತಿಸಿಟ್ಟರೆ ಪೊಲೀಸರಿಗೂ ಪಂಚಾಯತುಗಳಿಗೂ ಸೇವೆಗೆ ನಿಲ್ಲುವವರಿಗೂ ಅದು ವರ್ಷವರ್ಷವೂ ಒದಗುತ್ತದೆ.

ಇನ್ನು ಸೈಕಲ್. 2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು, ಕೋವಿಡ್ ಕಾಲದಲ್ಲಿ ಅದು ನಿಂತಿತು. ಸೈಕಲ್ ಕೊಟ್ಟ ಅಷ್ಟು ವರ್ಷಗಳಲ್ಲಿ ಅದು ಓಡುವ ದಾರಿಯ ಬಗ್ಗೆ ಯೋಚಿಸಿದ್ದು ಕಡಿಮೆ. ನಮ್ಮ ಏರಿಳಿತದ ನೆಲದಲ್ಲಿ ಮಹಾನಗರದ ಮಾದರಿಯ ಬಣ್ಣದ ಸೈಕಲ್ ಪಥ ಮೊದಲ ಬೇಡಿಕೆಯಾಗಬಾರದು ಎಂದು ನನಗನಿಸುತ್ತದೆ. ಹೆದ್ದಾರಿಗೆ ಇಳಿಯದೆ ಒಳರಸ್ತೆಯಲ್ಲೇ ಶಾಲೆ ಮುಟ್ಟುವ ದಾರಿ, ಅದರಲ್ಲಿ ತಪ್ಪಿಹೋದ ಒಂದು ಸಣ್ಣ ಸೇತುವೆ, ಬಸ್ ನಿಲ್ದಾಣದಲ್ಲಿ ಮಾಡಿನಡಿ ಸೈಕಲ್ ನಿಲ್ಲಿಸಿ ಬೀಗ ಹಾಕುವ ಕಂಬ, ಇವೇ ಮೊದಲು. ಬಿರೌಟರ್ ಎಂಬ ಜಾಲತಾಣ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿ ಬಳಸಿ ಸೈಕಲ್ ದಾರಿ ಹುಡುಕುತ್ತದೆ, ಒಟ್ಟು ಎಷ್ಟು ಮೀಟರ್ ಏರು ಎಂದೂ ಹೇಳುತ್ತದೆ. ಎರಡು ದಾರಿಗಳಲ್ಲಿ ಏರು ಕಡಿಮೆ ಇರುವ ಒಳರಸ್ತೆಯನ್ನು ಆರಿಸಿಕೊಂಡು ಅದಕ್ಕೇ ಪಟ್ಟು ಹಿಡಿಯಬಹುದು.

ಗೆರೆಯಿಂದ ಬೇಡಿಕೆಗೆ

ಮಾಹಿತಿ ಸೇರಿದ ಮೇಲೆ ಅದನ್ನು ಪ್ರಶ್ನೆ ಕೇಳಬೇಕು. ಓವರ್‌ಪಾಸ್ ಟರ್ಬೊ ಎಂಬ ಜಾಲತಾಣದಲ್ಲಿ ನಿಮ್ಮ ಊರನ್ನು ಪರದೆಗೆ ತಂದು, ವಿಝಾರ್ಡ್ ಗುಂಡಿ ಒತ್ತಿ, ಶೆಲ್ಟರ್ ನೋ ಎಂಬ ಗುರುತನ್ನು ಇಂಗ್ಲಿಷಿನಲ್ಲಿ ಬರೆದರೆ ಮಾಡಿಲ್ಲದ ಬಸ್ ನಿಲ್ದಾಣಗಳೆಲ್ಲ ನಕ್ಷೆಯ ಮೇಲೆ ಮೂಡುತ್ತವೆ. ಹಾಗೆಯೇ ಫುಟ್‌ಪಾತ್ ಇಲ್ಲದ ರಸ್ತೆ, ದೀಪವಿಲ್ಲದ ದಾರಿ. ಓಪನ್‌ರೂಟ್‌ಸರ್ವಿಸ್ ಎಂಬಲ್ಲಿ ಶಾಲೆಯ ಮೇಲೆ ಒತ್ತಿ, ನಡೆದರೆ 15 ನಿಮಿಷ ಎಂದು ಕೊಟ್ಟರೆ ಅಷ್ಟರಲ್ಲಿ ಮುಟ್ಟಬಹುದಾದ ಪ್ರದೇಶಕ್ಕೆ ಬಣ್ಣ ಬಳಿಯುತ್ತದೆ. ತೋಡಿನಾಚೆಯ ಮನೆಗಳು ಆ ಬಣ್ಣದ ಹೊರಗೆ ಉಳಿದರೆ ನಿಮ್ಮ ವಾದ ಸಿದ್ಧವಾಯಿತು. ಸಂಕದ ಮೂಲಕ ಶಾಲೆಗೆ ಎಷ್ಟು ದೂರ, ಸಂಕವಿಲ್ಲದೆ ರಸ್ತೆಯ ಮೇಲೆ ಸುತ್ತಿ ಹೋದರೆ ಎಷ್ಟು ದೂರ, ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆಯಿರಿ. ಶಿಕ್ಷಣ ಹಕ್ಕು ಕಾಯ್ದೆಯ 2010ರ ಕೇಂದ್ರ ಮಾದರಿ ನಿಯಮ ಐದನೇ ತರಗತಿವರೆಗಿನ ಶಾಲೆ ಒಂದು ಕಿಲೋಮೀಟರ್ ನಡಿಗೆಯೊಳಗೆ ಇರಬೇಕೆನ್ನುತ್ತದೆ. ನೆರೆ, ಭೂಕುಸಿತ, ರಸ್ತೆಯಿಲ್ಲದ ಕಷ್ಟದ ನೆಲದಲ್ಲಿ ಅಂಥ ಅಪಾಯ ತಪ್ಪಿಸುವಂತೆ ನೋಡಿಕೊಳ್ಳಬೇಕು ಎಂದೂ ಹೇಳುತ್ತದೆ. ಈ ಮಾತನ್ನು ಅರ್ಜಿಯಲ್ಲಿ ಬಳಸಿ.

ಒಂದು ಭೇದ ಮನಸ್ಸಿನಲ್ಲಿರಲಿ. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಇರುವುದನ್ನು ಮಾತ್ರ ಹಾಕಬೇಕು. ಇಲ್ಲಿ ಅಪಾಯವಿದೆ, ಇಲ್ಲಿ ಸೇತುವೆ ಬೇಕು ಎಂಬ ನಮ್ಮ ಅಭಿಪ್ರಾಯ, ಬೇಡಿಕೆಗಳಿಗೆ ಅಲ್ಲಿ ಜಾಗವಿಲ್ಲ. ಅದಕ್ಕೆ ಯುಮ್ಯಾಪ್ ಎಂಬ ಉಚಿತ ಸಾಧನ ಇದೆ. ಅದೇ ನಕ್ಷೆಯ ಮೇಲೆ ನಿಮ್ಮ ಬೇಡಿಕೆಗಳ ಪದರ ಹಾಕಿ, ಫೋಟೋ ಸೇರಿಸಿ, ಒಂದು ಕೊಂಡಿಯಾಗಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು, ಮುದ್ರಿಸಿಕೊಳ್ಳಲೂಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರೆ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಇನ್ನೂ ಆಳವಾಗಿ ಕೆಲಸ ಮಾಡಬಹುದು, ಅದೂ ಉಚಿತ.

ಯಾರ ಬಾಗಿಲು ತಟ್ಟಬೇಕು ಎಂಬುದು ರಸ್ತೆ ಯಾರದು ಎಂಬುದರ ಮೇಲೆ ನಿಂತಿದೆ, ಹೆಚ್ಚಿನ ಅರ್ಜಿಗಳು ಸೋಲುವುದೂ ಇಲ್ಲೇ. ಹೆದ್ದಾರಿ 75 ಮತ್ತು 169ರ ಕಾಮಗಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಪುಂಜಾಲಕಟ್ಟೆಯಿಂದ ಚಾರ್ಮಾಡಿವರೆಗಿನ ಹೆದ್ದಾರಿ 73ರ ಕೆಲಸ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ್ದು. ಪೇಟೆಯ ಒಳರಸ್ತೆ ಬಂಟ್ವಾಳ, ಮೂಡುಬಿದಿರೆಗಳಲ್ಲಿ ಪುರಸಭೆಗೆ, ಬೆಳ್ತಂಗಡಿಯಲ್ಲಿ ಪಟ್ಟಣ ಪಂಚಾಯತಿಗೆ ಸೇರಿದ್ದು. ಹಳ್ಳಿಯ ದಾರಿ, ಕಾಲುಸಂಕಗಳಿಗೆ ಗ್ರಾಮ ಪಂಚಾಯತ್ ಮತ್ತು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಹೆದ್ದಾರಿಯ ಬಾಬತ್ತಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಊರಿನ ಭಾಗದ ವಿನ್ಯಾಸದ ನಕ್ಷೆ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಅದರಲ್ಲಿ ಅಂಡರ್‌ಪಾಸ್, ಸರ್ವಿಸ್ ರಸ್ತೆ ಎಲ್ಲಿವೆ ಎಂದು ನೋಡಿ, ಜನ ನಿಜವಾಗಿ ದಾಟುವ ಜಾಗದ ಜೊತೆ ಹೋಲಿಸಿ. ಕಾಂಕ್ರೀಟು ಬೀಳುವ ಮೊದಲು ಕೇಳಿದರೆ ಒಂದು ಗೆರೆ ಬದಲಾದೀತು, ಬಿದ್ದ ಮೇಲೆ ಕೇಳಿದರೆ ಹತ್ತು ವರ್ಷ ಹೋರಾಟ.

ಕಾನೂನಿನ ಬಲವೂ ನಡೆಯುವವರ ಕಡೆಗಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸರಿಯಾದ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಪಾದಚಾರಿಗಳಿಗಾಗಿ ಮಾರ್ಗಸೂಚಿ ರೂಪಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಪ್ರಕಾರ, ನಿಗದಿತ ಮಾನದಂಡ ಪಾಲಿಸದ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ರಸ್ತೆ ಮಾಡಿದವರಿಗೂ ನಿರ್ವಹಿಸುವವರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಅಳತೆ ಪಟ್ಟಿಯ ಲೆಕ್ಕ, ದಿನಾಂಕವಿರುವ ನಕ್ಷೆ ನಿಮ್ಮ ಕೈಯಲ್ಲಿದ್ದರೆ ಈ ಮಾತುಗಳಿಗೆ ತೂಕ ಬರುತ್ತದೆ.

ಪಂಚಾಯತಿನಲ್ಲಿ ಸಮಯ ನೋಡಿ ಹೋಗಬೇಕು. ಗ್ರಾಮ ಪಂಚಾಯತ್ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವ ಜನರ ಯೋಜನೆ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರ ಹೊತ್ತಿಗೆ ಶುರುವಾಗುತ್ತದೆ. ವಾರ್ಡ್ ಸಭೆಯಲ್ಲಿ ಬೇಡಿಕೆ ದಾಖಲಾಗದಿದ್ದರೆ ಗ್ರಾಮಸಭೆಯಲ್ಲಿ ಕೂಗಿದರೂ ಪ್ರಯೋಜನ ಕಡಿಮೆ. ನವೆಂಬರ್ ಬಳಿಕ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಶಾಲೆಗೆ ಬರುವ ತಮ್ಮ ದಾರಿಯನ್ನು ಮಕ್ಕಳೇ ನಕ್ಷೆಯಲ್ಲಿ ತೋರಿಸಿ, ಇಲ್ಲಿ ಕೈತಾಂಗು ಇಲ್ಲ, ಇಲ್ಲಿ ನಾಯಿಗಳ ಕಾಟ, ಇಲ್ಲಿ ಲಾರಿ ವೇಗವಾಗಿ ಬರುತ್ತದೆ ಎಂದು ಹೇಳಿದರೆ ಅದನ್ನು ನಡಾವಳಿಯಲ್ಲಿ ಬರೆಸಿಕೊಳ್ಳುವಂತೆ ಶಿಕ್ಷಕರು ನೋಡಿಕೊಳ್ಳಲಿ.

ಎಲ್ಲವನ್ನೂ ಒಟ್ಟಿಗೆ ಮಾಡಬೇಕಿಲ್ಲ. ಮಳೆಗಾಲದ ಮುಂಚೆ ಒಮ್ಮೆ, ಜುಲೈಯಲ್ಲಿ ತೋಡು ತುಂಬಿದಾಗ ಒಮ್ಮೆ, ನಿಮ್ಮ ಮನೆಯಿಂದ ಬಸ್ ನಿಲ್ದಾಣದವರೆಗಿನ ದಾರಿಯನ್ನು ಮತ್ತು ನಿಮ್ಮ ಊರಿನ ಶಾಲೆಯ ದಾರಿಯನ್ನು ನಕ್ಷೆಗೆ ಹಾಕಿ. ಅದನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಮುಂದಿನ ವಾರ್ಡ್ ಸಭೆಗೆ ಒಯ್ಯಿರಿ, ಸ್ವೀಕೃತಿ ಸಹಿ ಪಡೆಯದೆ ಮರಳಬೇಡಿ.